ಎಪ್ಪತ್ತೇಳರಲ್ಲಿ ಆಸ್ಕರ್: ಪೆಗ್ಗಿ ಆಶ್‌ಕ್ರಾಫ್ಟ್



‘ನನ್ನ ಮೆಚ್ಚಿನ ಕಲಾವಿದೆ’ ಎಂಬ ಇಂದಿನ ಗೋಷ್ಠಿಗೆ ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಅವರನ್ನು. ಎಲ್ಲಿಯೋ ದೂರದವರು ಎಂದುಕೊಳ್ಳಬೇಡಿ. ಅವರಿಗೆ ಆಸ್ಕರ್ ತಂದುಕೊಟ್ಟ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕಾಗಿ ಬೆಂಗಳೂರು ಅರಮನೆಯ ಆವರಣದಲ್ಲಿ ಸೆಟ್ ಹಾಕಿದ್ದರು. ಕಥೆಯಲ್ಲಿ ಬರುವ ಗುಹೆಗಳ ಬೆಟ್ಟಕ್ಕೆ ಆರಿಸಿದ್ದು ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳನ್ನು.

ಪೆಗ್ಗಿ ಹುಟ್ಟಿದ್ದು 1907ರಲ್ಲಿ, ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ. ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದರು. ಪೆಗ್ಗಿ ಹದಿನಾರಕ್ಕೆ ನಾಟಕ ಶಾಲೆ ಸೇರಿ, 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ವೃತ್ತಿ ರಂಗಭೂಮಿಗೆ ಕಾಲಿಟ್ಟರು. 1930ರಲ್ಲಿ ಲಂಡನ್ನಿನಲ್ಲಿ ಕಪ್ಪುವರ್ಣದ ಮಹಾನ್ ನಟ ಪಾಲ್ ರೋಬ್ಸನ್ ಅವರ ಒಥೆಲೊಗೆ ಇವರು ಡೆಸ್ಡಿಮೋನಾ. ಬೈಗುಳದ ಪತ್ರಗಳು ಬಂದವು. ಇಪ್ಪತ್ತೆರಡರ ಹುಡುಗಿ ಪಾತ್ರ ಬಿಡಲಿಲ್ಲ. 1935ರಲ್ಲಿ ಜೂಲಿಯೆಟ್. ಎದುರಿಗೆ ಜಾನ್ ಗೀಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯರ್ ಸರದಿಯ ಮೇಲೆ ರೋಮಿಯೋ ಆಗುತ್ತಿದ್ದರು.

ನನಗೆ ಹೆಚ್ಚು ಮುಖ್ಯವೆನಿಸುವುದು ಇದರ ನಂತರದ್ದು. 1963ರಲ್ಲಿ ಷೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳನ್ನು ಸೇರಿಸಿ ‘ದಿ ವಾರ್ಸ್ ಆಫ್ ದಿ ರೋಸಸ್’ ಮಾಡಿದಾಗ ಅವರಿಗೆ ಐವತ್ತೈದು. ರಾಣಿ ಮಾರ್ಗರೆಟ್ ಆಗಿ, ಹದಿಹರೆಯದ ಹುಡುಗಿಯಿಂದ ಶಾಪ ಹಾಕುವ ಮುದುಕಿಯವರೆಗೆ, ಒಂದು ಹೆಣ್ಣಿನ ಇಡೀ ಬದುಕನ್ನು ಒಬ್ಬರೇ ಆಡಿದರು. ಬಿಬಿಸಿ ಅದನ್ನು ಟಿವಿಯಲ್ಲಿ ಪ್ರಸಾರ ಮಾಡಿತು.

ಎಪ್ಪತ್ತು ದಾಟಿದ ಮೇಲೆ ಟಿವಿ ಅವರಿಗೆ ಇನ್ನೊಂದು ಬಾಗಿಲು ತೆರೆಯಿತು. ರಂಗದ ಮೇಲೆ ಕೊನೆಯ ಸಾಲಿನವರಿಗೆ ದನಿ ಮುಟ್ಟಬೇಕು. ಕ್ಯಾಮೆರಾ ಮುಖದ ಹತ್ತಿರವೇ ಬರುತ್ತದೆ, ಒಂದು ಸುಕ್ಕು ಅಲುಗಿದರೂ ಕಾಣುತ್ತದೆ. ವಯಸ್ಸೇ ಅಲ್ಲಿ ಅವರ ಬಂಡವಾಳವಾಯಿತು.

1984ರ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಧಾರಾವಾಹಿ ಹದಿನಾಲ್ಕು ಕಂತುಗಳದ್ದು, ಬ್ರಿಟಿಷರ ಕೊನೆಗಾಲದ ಭಾರತದ ಕಥೆ. ಅದರಲ್ಲಿ ಪೆಗ್ಗಿ ಮಾಡಿದ್ದು ಬಾರ್ಬಿ ಎಂಬ ನಿವೃತ್ತ ಮಿಷನ್ ಶಾಲೆಯ ಟೀಚರ್ ಪಾತ್ರ. ಮದುವೆಯಿಲ್ಲ, ಸ್ವಂತ ಮನೆಯಿಲ್ಲ. ಇನ್ನೊಬ್ಬ ಹಿರಿಯ ಹೆಂಗಸಿನ ಮನೆಯಲ್ಲಿ ಆಶ್ರಯ. ಒಂದೇ ಸಮನೆ ಮಾತಾಡುತ್ತಾಳೆ, ಯಾರೂ ಕಿವಿಗೊಡುವುದಿಲ್ಲ. ಆಶ್ರಯ ಕೊಟ್ಟವಳು ಸತ್ತಾಗ, ಆ ಮನೆಯವರು ಬಾರ್ಬಿಯನ್ನು ಹೊರಗೆ ಹಾಕುತ್ತಾರೆ. ಮೊದಮೊದಲು ಅವಳ ವಟವಟಕ್ಕೆ ನಗು ಬರುತ್ತದೆ. ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಗುತ್ತದೆ.

‘ಎ ಪ್ಯಾಸೇಜ್ ಟು ಇಂಡಿಯಾ’ದ ಮಿಸೆಸ್ ಮೂರ್ ಕೂಡ ಹಾಗೆಯೇ. ಮಗನನ್ನು ನೋಡಲು ಬಂದ ತಾಯಿ. ಡಾಕ್ಟರ್ ಅಜೀಜ್ ನಿರಪರಾಧಿ ಎಂದು ಆಕೆಯ ಮನಸ್ಸಿಗೆ ಗೊತ್ತು. ಮಗನ ಮನೆಯಲ್ಲಿ ಆ ಮಾತಿಗೆ ಬೆಲೆಯಿಲ್ಲ. ಈ ಪಾತ್ರಕ್ಕೆ 1985ರಲ್ಲಿ, ಎಪ್ಪತ್ತೇಳನೇ ವಯಸ್ಸಿನಲ್ಲಿ, ಪೆಗ್ಗಿಗೆ ಅತ್ಯುತ್ತಮ ಪೋಷಕ ನಟಿ ಆಸ್ಕರ್ ಬಂತು. ಆ ವಿಭಾಗದಲ್ಲಿ ಅಷ್ಟು ಹಿರಿಯ ವಯಸ್ಸಿನಲ್ಲಿ ಗೆದ್ದವರು ಇನ್ನೊಬ್ಬರಿಲ್ಲ. ಅದೇ ವರ್ಷ ಬಾರ್ಬಿ ಪಾತ್ರಕ್ಕೆ ಬಾಫ್ಟಾ ಪ್ರಶಸ್ತಿಯೂ ಸಿಕ್ಕಿತು. 1991ರಲ್ಲಿ ತೀರಿಕೊಂಡರು.

ಗೆಳತಿಯರೇ, ಈ ಎರಡು ಪಾತ್ರಗಳನ್ನು ನೋಡುವಾಗ ನನಗೆ ನೆನಪಾಗುವುದು ನಮ್ಮದೇ ಸೊಸೈಟಿಗಳ ಅಮ್ಮಂದಿರು, ಅತ್ತೆಯಂದಿರು. ಊರಿನ ಮನೆಗೆ ಬೀಗ ಹಾಕಿ ಮಗನ ಫ್ಲ್ಯಾಟಿಗೆ ಬಂದವರು. ಲಿಫ್ಟಿನಲ್ಲಿ ಯಾರಾದರೂ ಕನ್ನಡ ಮಾತಾಡಿದರೆ ಕೈ ಹಿಡಿದು ನಿಲ್ಲಿಸಿಕೊಳ್ಳುವವರು. ಅವರ ಮಾತು ಕೊಂಚ ಉದ್ದವಾದರೆ ನಾವು ಮೊಬೈಲ್ ತೆಗೆಯುತ್ತೇವೆ.

ನಮ್ಮ ವಾರ್ಷಿಕೋತ್ಸವದ ನಾಟಕಗಳಲ್ಲಿ ಅಜ್ಜಿ ಎಂದರೇನು? ಬೆನ್ನು ಬಗ್ಗಿಸಿ, ಕೋಲು ಹಿಡಿದು, ಕಿವಿ ಕೇಳಿಸದೆ ನಗಿಸುವ ಪಾತ್ರ. ಅದನ್ನೂ ತಲೆಗೆ ಪೌಡರ್ ಹಾಕಿಕೊಂಡು ಮೂವತ್ತರ ಹುಡುಗಿಯೇ ಮಾಡುತ್ತಾಳೆ. ನಿಜವಾದ ಅಜ್ಜಿಯರು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ.

ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಈ ರಾಜ್ಯೋತ್ಸವಕ್ಕೆ ಎಪ್ಪತ್ತರ ಹೆಣ್ಣೊಬ್ಬಳೇ ಕಥಾನಾಯಕಿಯಾಗಿರುವ ನಾಟಕ ಆರಿಸೋಣ, ಪಾತ್ರವನ್ನು ಎಪ್ಪತ್ತರವರಿಗೇ ಕೊಡೋಣ. ಮಾತು ಮರೆತರೆ ಪರದೆಯ ಹಿಂದಿನಿಂದ ಹೇಳಿಕೊಡಲು ನಾನು ನಿಲ್ಲುತ್ತೇನೆ. ಹೆಸರು ಕೊಡುವವರು ಚಹಾ ವಿರಾಮದಲ್ಲಿ ನನ್ನ ಬಳಿ ಬನ್ನಿ. ಸಂಕೋಚ ಬೇಡ.