ವೈದ್ಯರೂ ಕಲಿಯಬೇಕಾದ ಮಾತು
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಮುಪ್ಪಿನಲ್ಲಿ ಬರುವ ಮರೆವಿನ ರೋಗದ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ಆದರೆ ಈ ರೋಗದಲ್ಲಿ ಮದ್ದಿನಷ್ಟೇ ಕೆಲಸ ಮಾತಿಗೂ ಇದೆ. ಆದುದರಿಂದ ನಾವೂ ತಿಳಿದಿರುವುದು ಒಳ್ಳೆಯದು.

ಡಾಕ್ಟರರು ಇದನ್ನು ಡಿಮೆನ್ಶಿಯ ಎನ್ನುತ್ತಾರೆ. ಕೀಲಿಕೈ ಎಲ್ಲಿಟ್ಟೆನೆಂದು ಒಮ್ಮೊಮ್ಮೆ ಮರೆಯುವುದು ಇದಲ್ಲ. ನಿತ್ಯ ಮಾಡುತ್ತಿದ್ದ ಅಡಿಗೆ, ಎಣಿಸುತ್ತಿದ್ದ ಹಣ, ನಡೆಯುತ್ತಿದ್ದ ದಾರಿ ಇವೇ ಕ್ರಮೇಣ ತಪ್ಪತೊಡಗುತ್ತವೆ. ಇದರಲ್ಲಿ ಹಲವು ಬಗೆಗಳುಂಟು. ಹೆಚ್ಚಾಗಿ ಕಾಣುವ ಬಗೆಗೆ ಜರ್ಮನಿಯ ವೈದ್ಯ ಆಲ್ಝೈಮರರ ಹೆಸರಿದೆ. ಅವರು ತಮ್ಮ ರೋಗಿಯೊಬ್ಬಳ ವಿವರವನ್ನು 1906ರಲ್ಲಿ ವೈದ್ಯರ ಸಭೆಯ ಮುಂದಿಟ್ಟರು. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ನೂರಕ್ಕೆ ಏಳಕ್ಕಿಂತ ಹೆಚ್ಚು ಮಂದಿ, ಅಂದರೆ ಸುಮಾರು 88 ಲಕ್ಷ ಜನ, ಇದಕ್ಕೆ ತುತ್ತಾಗಿರುವರೆಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು.

ಪದವಿ ಬಂದ ಮೇಲೆ ವೈದ್ಯರ ಓದು ಮುಗಿಯಿತೆ? ಇಲ್ಲ. ಪ್ರತಿ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ಅವರು ಮುಂದುವರಿದ ಶಿಕ್ಷಣಕ್ಕೆ ಕೊಡಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ. ಹೊಸ ಯಂತ್ರ ಬಂದರೆ ಹಳೆಯ ಕೆಲಸಗಾರನೂ ಕಲಿಯುವುದಿಲ್ಲವೆ, ಹಾಗೆ. ಈ ಗಂಟೆಗಳಲ್ಲಿ ಕೆಲವಾದರೂ ಇಂಥ ರೋಗಿಗಳೊಡನೆ ಮಾತನಾಡುವ ಬಗೆ ಕಲಿಯಲು ಸಲ್ಲಲಿ ಎಂಬುದು ನನ್ನ ಬಿನ್ನಹ. ದಾದಿಯರಿಗೂ ಈ ಶಿಕ್ಷಣ ಬೇಕು.

ಕಲಿಯಬೇಕಾದುದೇನು? ಮೊದಲನೆಯದು, ಪರೀಕ್ಷಿಸುವ ರೀತಿ. ಶಾಲೆಯ ಮುಖ ಕಾಣದ ಅಜ್ಜಿಗೆ ಓದು, ಬರೆ ಎಂದರೆ ಆಕೆ ಸೋಲದೆ ಇನ್ನೇನು? ಹರಿಯಾಣದ ಬಲ್ಲಭಗಡದ ಹಳ್ಳಿಯವರಿಗಾಗಿ ಹಿಂದಿಯಲ್ಲಿ ಬೇರೆಯೇ ಪ್ರಶ್ನಾವಳಿ ಮಾಡಿ 1995ರಲ್ಲಿ ಪ್ರಕಟಿಸಿದರು. ಅದರಲ್ಲಿ ಓದಿ ಮಾಡುವ ಕೆಲಸದ ಬದಲು ನೋಡಿ ಮಾಡುವ ಕೆಲಸವಿದೆ.

ಎರಡನೆಯದು, ಎಲ್ಲ ಮರೆವೂ ಈ ರೋಗವಲ್ಲ. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮನದ ಖಿನ್ನತೆ, ಕಿವುಡುತನ ಇವೂ ಹಾಗೆ ತೋರುತ್ತವೆ, ಇವಕ್ಕೆ ಉಪಾಯವುಂಟು. ಎರಡೇ ದಿನದಲ್ಲಿ ಬುದ್ಧಿ ಕದಡಿದರೆ ಜ್ವರವೋ ಮೂತ್ರದ ಸೋಂಕೋ ಇರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಮೂರನೆಯದು, ಮಾತು. ಎದುರಿಗೆ ಕುಳಿತು, ಹೆಸರು ಹಿಡಿದು ಕರೆದು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಬೇಕು. ರೋಗಿಯನ್ನು ಬದಿಗಿಟ್ಟು ಮಗನೊಡನೆಯೇ ಮಾತಾಡಬಾರದು. ಎಂಬತ್ತರ ಅಜ್ಜಿ "ನಮ್ಮವ್ವ ಎಲ್ಲಿ?" ಎಂದರೆ "ಸತ್ತು ಎಷ್ಟೋ ವರ್ಷವಾಯಿತು" ಎನ್ನಬಾರದು, ಆಕೆಗೆ ಅದು ಇಂದೇ ಬಂದ ಸಾವು. "ನಿಮ್ಮವ್ವ ಏನು ಅಡಿಗೆ ಮಾಡುತ್ತಿದ್ದರು?" ಎಂದು ಕೇಳಿದರೆ ದುಃಖ ಇಳಿದು ಮಾತು ಬರುತ್ತದೆ. ಸಿಟ್ಟು ಮಾಡಿದರೆ ಹಸಿವೋ ನೋವೋ ಎಂದು ಮೊದಲು ನೋಡಬೇಕು.

ಪರಊರಿನಲ್ಲಿರುವ ನಮ್ಮ ಹಿರಿಯರ ಕಷ್ಟ ಇನ್ನೂ ಒಂದು. ಆಮೇಲೆ ಕಲಿತ ಹಿಂದಿ, ಮರಾಠಿ ಮೊದಲು ಜಾರಿ, ಮನೆಮಾತು ಉಳಿಯುವುದು ಹಲವರಲ್ಲಿ ಕಾಣುತ್ತದೆ. ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ಅವ್ವ ಸುಮ್ಮನಿದ್ದರೆ, ಆ ಮೌನವೂ ರೋಗದ ಲೆಕ್ಕಕ್ಕೆ ಸೇರಬಹುದು. ಇದನ್ನು ತಪ್ಪಿಸುವುದು ನಮ್ಮ ಕೈಯಲ್ಲಿದೆ. ಕನ್ನಡ ಬಲ್ಲವರೊಬ್ಬರು ಜೊತೆಗೆ ಹೋಗಿ. ಪ್ರಶ್ನೆಯನ್ನು ತಿಳಿಯಹೇಳಿ, ಉತ್ತರವನ್ನು ನೀವು ಕೊಡಬೇಡಿ. ಹಿರಿಯರ ಊರು, ಮಾಡಿದ ಕೆಲಸ, ಕರೆಯುವ ಹೆಸರು, ಮರೆವು ತೊಡಗಿದ ಕಾಲ, ನುಂಗುವ ಔಷಧ ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಡಾಕ್ಟರರ ಕೈಗೆ ಕೊಡಿ. ಬರೆಯಲು ಬಾರದವರು ರಜೆಯ ದಿನ ವಾಚನಾಲಯಕ್ಕೆ ಬನ್ನಿ, ನಾನು ಬರೆದುಕೊಡುತ್ತೇನೆ. ಆಸ್ಪತ್ರೆಗೆ ಜೊತೆ ಬೇಕೆಂದರೂ ಬರುತ್ತೇನೆ.