ಜೋಗತಿ ಹಿರಿಯರಿಗೆ ನಾವು ಸಲ್ಲಿಸಬೇಕಾದ ಗೌರವ

(ಮಹಾಲಿಂಗಪುರದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆಯ ವಿರುದ್ಧ, ಮನೆಯೊಳಗಿನ ಹಿಂಸೆಯ ವಿರುದ್ಧ ಮಾತನಾಡಲು ಸೇರುತ್ತಿದ್ದ ನಾವು ಇಂದು ಜೋಗತಿ, ಜೋಗಪ್ಪ ಹಿರಿಯರನ್ನು ಗೌರವಿಸಲು ಸೇರಿದ್ದೇವೆ. 'ಇವರಿಗೂ ನಮ್ಮ ಹೋರಾಟಕ್ಕೂ ಏನು ಸಂಬಂಧ?' ಎಂದು ಕೆಲವರು ಕೇಳಿದ್ದಾರೆ. ಆ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ ಹೇಳುತ್ತೇನೆ.

ನಮ್ಮ ಭಾಗದವರಿಗೆ ಇವರು ಹೊಸಬರಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಇವರ ಚೌಡಿಕೆ ಪದ ಕೇಳಿದ್ದೇವೆ. ಜೋಗ ಬೇಡಿ ಬಂದರೆ ಜೋಳ ನೀಡಿ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತೇವೆ. ಅಂಗಳದಲ್ಲಿ ಅವರು ದೇವರ ಮನುಷ್ಯರು. ಅದೇ ನಡೆ, ಅದೇ ನುಡಿ ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲಿ ಕಂಡರೆ ಬಡಿಯುತ್ತೇವೆ, ಕೂಡಿ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ 'ಲಗ್ನ ಮಾಡಿದರೆ ಸರಿಹೋಗುತ್ತಾನೆ' ಎಂದು ಬಲವಂತದಿಂದ ಲಗ್ನ ಮಾಡುತ್ತೇವೆ, ವರದಕ್ಷಿಣೆಯನ್ನೂ ಎಣಿಸಿಕೊಳ್ಳುತ್ತೇವೆ. ಅಲ್ಲಿ ಹಾಳಾಗುವುದು ಒಂದು ಜೀವವಲ್ಲ, ಎರಡು.

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಬಿ.ಎ. ಓದುತ್ತಿದ್ದ ಒಬ್ಬ ಹುಡುಗ ಇದ್ದಕ್ಕಿದ್ದಂತೆ ಬರುವುದು ಬಿಟ್ಟ. ಮನೆಗೆ ಹೋಗಿ ವಿಚಾರಿಸಿದೆ. 'ಮೇಡಮ್ಮಾರ, ಅವ ಸೀರಿ ಉಡ್ತಾನ್ರಿ. ಮಂದಿಯಾಗ ನಮ್ಮ ಮರ್ಯಾದಿ ಏನಾಗಬೇಕ್ರಿ?' ಎಂದರು ತಂದೆ. ಗಂಡನ ಮನೆಯಲ್ಲಿ ಪೆಟ್ಟು ತಿಂದು ಓಡಿ ಬಂದ ಮಗಳನ್ನು ಮತ್ತೆ ಅಲ್ಲಿಗೇ ದಬ್ಬುವ ತಂದೆಯೂ ಇದೇ ಮಾತನ್ನು ಆಡುತ್ತಾನಲ್ಲವೆ? ಆ ಹುಡುಗನಿಗೆ ಅನ್ನ ಹಾಕಿ ಮನೆಯಲ್ಲಿಟ್ಟುಕೊಂಡದ್ದು ಒಬ್ಬ ಹಿರಿಯ ಜೋಗತಿ. ಪರೀಕ್ಷೆಯ ಫೀ ಕಟ್ಟಲು ಕಾಲೇಜಿಗೆ ಬಂದದ್ದೂ ಆಕೆಯೇ.

ಬಿ. ಮಂಜಮ್ಮ ಜೋಗತಿಯವರ ಬದುಕೂ ಇದನ್ನೇ ಹೇಳುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಮಂಜುನಾಥನಾಗಿ ಹುಟ್ಟಿದ ಅವರು ಮನೆ ಬಿಟ್ಟು, ಭಿಕ್ಷೆ ಬೇಡಿ, ಅತ್ಯಾಚಾರಕ್ಕೆ ತುತ್ತಾಗಿ, ಸಾಯಲು ವಿಷವನ್ನೂ ಕುಡಿದವರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಂಡು ಆ ಕಲೆ ಕಲಿಯತೊಡಗಿದರು. ಆಮೇಲೆ ಅವರನ್ನು ಶಿಷ್ಯೆಯಾಗಿ ತಿದ್ದಿ ಬೆಳೆಸಿದವರು ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿ. ಕಾಳವ್ವನ ನಂತರ ಮೇಳವನ್ನು ಮಂಜಮ್ಮನವರೇ ಮುನ್ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ದೇಶವೇ ನೋಡಿತು. ಪದ್ಮಶ್ರೀಯನ್ನು ಎಲ್ಲರೂ ಹೊಗಳಿದೆವು. ಹೆಸರಿಲ್ಲದ ಎಷ್ಟೋ ಕಾಳವ್ವಂದಿರು ಬೀದಿಗೆ ಬಿದ್ದ ಮಕ್ಕಳಿಗೆ ಸೂರು ಕೊಟ್ಟು, ಪದ ಕಲಿಸಿ, ಹೊಟ್ಟೆಪಾಡಿಗೆ ದಾರಿ ತೋರಿಸಿದ್ದನ್ನು ಯಾರು ಲೆಕ್ಕ ಇಟ್ಟಿದ್ದಾರೆ? ನಾವು ಹೊರಗೆ ಹಾಕಿದ ಮಕ್ಕಳನ್ನು ಸಾಕಿದವರು ಅವರು.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಗೌರವ ಈ ಹಿರಿಯರಿಗೆ, ಮುತ್ತು ಕಟ್ಟುವ ಪದ್ಧತಿಗಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವುದನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ಆ ನಿಲುವಿನಿಂದ ಮಹಿಳಾ ಚಳವಳಿ ಒಂದು ಹೆಜ್ಜೆಯೂ ಹಿಂದೆ ಸರಿಯಬಾರದು. ಆದರೆ ಮನೆಯ ಬಾಗಿಲು ಮುಚ್ಚಿದವನಿಗೆ ಗುಡಿಯ ಬಾಗಿಲೊಂದೇ ಉಳಿಯುವುದೂ ಅನ್ಯಾಯವೇ. ದೇವರ ಹೆಸರಿನ ಆಸರೆ ಇಲ್ಲದೆಯೂ ಸೀರೆ ಉಟ್ಟು, ಓದಿ, ದುಡಿದು ಬಾಳುವ ಹಕ್ಕು ಅವರಿಗಿದೆ. 2014ರಲ್ಲಿ ಸುಪ್ರೀಂ ಕೋರ್ಟು ತಾವು ಯಾರೆಂದು ತಾವೇ ಹೇಳಿಕೊಳ್ಳುವ ಹಕ್ಕನ್ನು ಇವರಿಗೆ ಮಾನ್ಯ ಮಾಡಿತು.

ಕಾನೂನಿನಲ್ಲೂ ಸಮಾನತೆ ಬಂದಿಲ್ಲ. ಇವರನ್ನು ಮನೆಯಿಂದ, ಊರಿನಿಂದ ಹೊರಹಾಕುವುದನ್ನು, ಇವರ ಮೇಲೆ ದೈಹಿಕ, ಲೈಂಗಿಕ ಹಿಂಸೆ ನಡೆಸುವುದನ್ನು 2019ರ ಕೇಂದ್ರ ಕಾಯಿದೆ ಅಪರಾಧವೆಂದು ಬರೆಯಿತು. ಆದರೆ ಶಿಕ್ಷೆಯನ್ನು ಹೆಚ್ಚೆಂದರೆ 2 ವರ್ಷಕ್ಕೆ ನಿಲ್ಲಿಸಿತು. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ 2018ರಿಂದ ಕನಿಷ್ಠ ಶಿಕ್ಷೆಯೇ 10 ವರ್ಷ. ಒಂದೇ ನೋವನ್ನು ಎರಡು ತಕ್ಕಡಿಯಲ್ಲಿ ತೂಗಿದರೆ ಹೇಗೆ? ವರದಕ್ಷಿಣೆ ಕಿರುಕುಳದ ವಿರುದ್ಧ 1983ರಲ್ಲಿ 498ಎ ಕಲಮು ಬಂದದ್ದು ಹೆಂಗಸರು ಬೀದಿಗಿಳಿದು ಕೇಳಿದ್ದರಿಂದ. ಇದನ್ನೂ ಕೇಳಬೇಕಾದವರು ನಾವೇ.

ಹಾಗಾದರೆ ಗೌರವವೆಂದರೇನು? ಶಾಲು ಹೊದಿಸಿ, ಹಾರ ಹಾಕಿ, ಫೋಟೋ ತೆಗೆಸಿಕೊಂಡು ಕಳಿಸಿದರೆ ಸಾಲದು. ನಾನು ಕೇಳುವುದು ಮೂರೇ ಕೆಲಸ. ಒಂದು, ನಮ್ಮ ಸಂಘಕ್ಕೆ ಹಿಂಸೆಯ ದೂರು ಬಂದಾಗ ಇವರ ದೂರನ್ನೂ ಅದೇ ವಹಿಯಲ್ಲಿ ಬರೆದುಕೊಳ್ಳೋಣ. ಎರಡು, ಮೈ ಬಗ್ಗದ, ಗುಡ್ಡ ಹತ್ತಲಾಗದ ಹಿರಿಯರ ಮಾಸಾಶನ, ರೇಷನ್ ಕಾರ್ಡಿನ ಅರ್ಜಿ ಬರೆದುಕೊಟ್ಟು, ತಹಸೀಲ್ದಾರ ಕಚೇರಿಗೆ ಜೊತೆಯಲ್ಲಿ ಹೋಗೋಣ. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮ ನಮ್ಮ ಮನೆಗಳಲ್ಲಿ ಇಂಥ ಮಗುವಿನ ಮೇಲೆ ಕೈ ಎತ್ತಿದವರ ಕೈ ಹಿಡಿಯೋಣ. ಅದು ಗಂಡನ ಕೈಯಾಗಿರಬಹುದು, ಅಣ್ಣನದಾಗಿರಬಹುದು, ನಮ್ಮದೇ ಆಗಿರಬಹುದು.

ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರೆ, ಇಷ್ಟು ವರ್ಷ ನೀವು ನಮ್ಮ ಮಕ್ಕಳನ್ನು ಸಾಕಿದ್ದೀರಿ. ಆ ಹೊರೆಯನ್ನು ಇನ್ನು ಮುಂದೆ ನಾವೂ ಹೊರಬೇಕು.