ಫರ್ಸಿ ಕಲ್ಲಿನ ಮ್ಯಾಲಿನ ಬೆಳಕು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಹತ್ತನೇ ಕ್ಲಾಸ್ ಓದ್ತಿರೋ ತಮ್ಮಂದಿರು, ತಂಗಿಯರು ಕೇಳ್ರಿ. ಪ್ರತಿಫಲನದ ಪ್ರಾಜೆಕ್ಟ್ ಅಂದಕೂಡಲೇ ಅಂಗಡಿಯಿಂದ ರೆಡಿಮೇಡ್ ಪೆರಿಸ್ಕೋಪ್ ತರಬ್ಯಾಡ್ರಿ. ಮಾರ್ಕ್ಸ್ ಬರ್ತಾವ, ಖರೆ. ಆದರೆ ಕನ್ನಡಿ 45 ಡಿಗ್ರಿಗೇ ಯಾಕೆ ಅಂತ ಸರ್ ಕೇಳಿದರೆ?

ಮೊದಲು ಹಾಳೆ ಮೇಲೆ ಸಣ್ಣ ಕನ್ನಡಿ ನಿಲ್ಲಿಸ್ರಿ. ರಟ್ಟಿನಾಗ ತೆಳ್ಳಗೆ ಸೀಳು ಮಾಡಿ, ಅದರ ಹಿಂದಿಂದ ಮೊಬೈಲ್ ಟಾರ್ಚ್ ಬಿಡ್ರಿ. ಬೆಳಕಿನ ಗೆರೆ ಪೆನ್ಸಿಲ್‌ನಿಂದ ಎಳೆದು ಕೋನಮಾಪಕ ಇಡ್ರಿ. ಲಂಬಕ್ಕೆ 30 ಡಿಗ್ರಿಯಲ್ಲಿ ಬಂದದ್ದು 30 ಡಿಗ್ರಿಯಲ್ಲೇ ಹೋಗ್ತದ. 45ಕ್ಕೆ ಬಂದರೆ 45ಕ್ಕೇ. ಎರಡೂ ಸೇರಿ 90, ಅಂದ್ರ ಬೆಳಕು ನೆಟ್ಟಗೆ ಕೆಳಗೆ ತಿರುಗ್ತದ. ಪೆರಿಸ್ಕೋಪ್ ಗುಟ್ಟು ಇಷ್ಟೇ.

ಈಗ ನಮ್ಮೂರ ಮಾಲು. ಶಹಾಬಾದ್ ಫರ್ಸಿ, ಅದು ಸುಣ್ಣದ ಕಲ್ಲು. ಪಾಲಿಶ್ ಆದದ್ದೊಂದು, ಆಗದ್ದೊಂದು ತುಂಡು ತಗೊಂಡು ಕತ್ತಲೆ ಕೋಣೆಯಲ್ಲಿ ಓರೆಯಾಗಿ ಟಾರ್ಚ್ ಬಿಡ್ರಿ. ಪಾಲಿಶ್ ಕಲ್ಲಿನಲ್ಲಿ ಬಲ್ಬಿನ ಬಿಂಬ ಕಾಣ್ತದ, ಒರಟು ಕಲ್ಲಿನಲ್ಲಿ ಬರೀ ಮಬ್ಬು ಬೆಳಕು. ಹಂಗಾದ್ರ ಒರಟು ಕಲ್ಲು ನಿಯಮ ಮುರೀತಾ? ಇಲ್ರಿ. ಅದರ ಒಂದೊಂದು ಕಣವೂ ಒಂದೊಂದು ಕಡೆ ಮುಖ ಮಾಡಿರ್ತದ. ನಿಯಮ ಪಾಲಿಸಿಯೇ ಬೆಳಕು ಚದುರ್ತದ. ನಂಬಿಕೆ ಬರಲಿಲ್ಲಾಂದ್ರ ಒರಟು ಕಲ್ಲಿನ ಮೇಲೆ ನೀರು ಸುರೀರಿ. ತಗ್ಗು ತುಂಬಿ ಮೇಲ್ಮೈ ಸಪಾಟಾಗ್ತದ, ಕಲ್ಲು ಹೊಳೀತದ!

ನಾನು ಬಿ.ಕಾಂ. ಓದಿದವ, ಆದರೂ ಈ ನೀರಿನ ಪ್ರಯೋಗ ನಾಲ್ಕು ಸಲ ಮಾಡೀನಿ. ಮೂರೂ ಫೋಟೋ ಚಾರ್ಟಿಗೆ ಅಂಟಿಸ್ರಿ. ಲೇಸರ್ ಮಾತ್ರ ಯಾರ ಕಣ್ಣಿಗೂ ಬಿಡಬ್ಯಾಡ್ರಿ.